ಒಂದು ಮಾರಿನಾಚೆ ಕಾಣದ ಲೆನ್ಸು

ಅಫಜಲಪುರ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೊ ಇಟ್ಟುಕೊಂಡಿರುವ ಸಲಾವುದ್ದೀನನನ್ನು ಜನ ಈಗೀಗ ಕಲಾವಿದ ಎನ್ನತೊಡಗಿದ್ದಾರೆ. ಗುಲ್ಬರ್ಗಾದಿಂದ ಯಾರೋ ಕಾಲೇಜು ಮಾಸ್ತರರು ಬಂದು ಅವನ ಗೋಡೆಯ ಮೇಲಿನ ಫೋಟೊಗಳನ್ನು ನೋಡಿ, ‘ಮುಖವೊಂದೇ ನಿಚ್ಚಳ, ಉಳಿದ ಜಗತ್ತೆಲ್ಲ ಮಂಜು, ಎಂಥಾ ದರ್ಶನ!’ ಎಂದು ಹೊಗಳಿ ಹೋದರಂತೆ. ದರ್ಶನವಂತೆ, ದರ್ಶನ! ಅವನ ಸ್ಟುಡಿಯೊದ ಎದುರಿಗೇ ನನ್ನ ಟೇಲರ್ ಅಂಗಡಿ. ಗಿರಾಕಿಗಳು ಫೋಟೊಕ್ಕೆ ಹಾಕಿಕೊಳ್ಳಲಿ ಎಂದು ಅವನು ಗೂಟಕ್ಕೆ ತೂಗುಹಾಕಿರುವ ಕೋಟನ್ನು ಹೊಲಿದವನು ನಾನೇ. ಆ ಕೋಟಿಗೆ ಎದೆಯಿದೆ, ಕಾಲರಿದೆ, ಬೆನ್ನಿಲ್ಲ. ಬೆನ್ನ ಕಡೆ ಎರಡು ಲಾಡಿ ಇಟ್ಟಿದ್ದೇನೆ, ದಪ್ಪಗಿದ್ದವರಿಗೂ ಸಣಕಲರಿಗೂ ಬಿಗಿದು ಕಟ್ಟಿದರಾಯಿತು. ಅಂಥ ಅಂಗಡಿಯಲ್ಲಿ ದರ್ಶನ ಎಷ್ಟು, ಲಾಡಿ ಎಷ್ಟು ಎಂಬುದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮೊದಲು ಆ ಲೆನ್ಸಿನ ವಿಷಯ ಹೇಳಿಬಿಡುತ್ತೇನೆ. ಸಲಾವುದ್ದೀನ ಕೆಲಸ ಕಲಿತದ್ದು ಗುಲ್ಬರ್ಗಾದ ಒಬ್ಬ ಮುದುಕ ಉಸ್ತಾದನ ಹತ್ತಿರ. ಉಸ್ತಾದ ತೀರಿಕೊಳ್ಳುವ ಮೊದಲು ತನ್ನ ಮಡಚುವ ಕ್ಯಾಮೆರಾವನ್ನು ಶಿಷ್ಯನ ಕೈಗಿಟ್ಟ. ನಿಜಾಮನ ಕಾಲದ್ದು, ಜರ್ಮನಿಯದು. ಆದರೆ ಲೆನ್ಸಿಗೂ ಡಬ್ಬಿಗೂ ನಡುವಿನ ಚರ್ಮದ ತಿದಿಯನ್ನು ಇಲಿಗಳು ತಿಂದು ಮುಗಿಸಿದ್ದವು. ಉಳಿದದ್ದು ಮುಂದಿನ ಲೆನ್ಸೊಂದೇ. ಸಲಾವುದ್ದೀನ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಕುರಾನು ಇಡುವ ಮಾಡದ ಕೆಳಗಿನ ಗೂಡಿನಲ್ಲಿಟ್ಟ. ‘ಇಂಥಾ ಕಣ್ಣು ಈಗ ಯಾರ ಮಾಡ್ತಾರ, ಮಲ್ಲಣ್ಣ?’ ಎಂದು ನನಗೆ ಅದೆಷ್ಟು ಸಲ ತೋರಿಸಿದನೋ. ನೋಡಿ ನೋಡಿ ನನಗೆ ಸಾಕಾಗಿ ಹೋಗಿತ್ತು.

ಎಂಬತ್ತಮೂರರ ಸುಮಾರಿಗೆ ಹೊಸ ನಮೂನೆಯ ಕ್ಯಾಮೆರಾಗಳು ಬಂದವು. ಸಲಾವುದ್ದೀನ ಸೊಲ್ಲಾಪುರಕ್ಕೆ ಹೋಗಿ ಒಂದನ್ನು ತಂದ. ತಂದದ್ದು ಬರೀ ಡಬ್ಬಿ, ಲೆನ್ಸಿಲ್ಲ. ಮನೆಯಲ್ಲಿ ಜರ್ಮನಿಯ ಕಣ್ಣಿರುವಾಗ ಇನ್ನೊಂದು ಯಾಕೆ ಎಂಬುದು ಅವನ ಲೆಕ್ಕ. ಹಳೆಯ ಲೆನ್ಸು ಹೊಸ ಡಬ್ಬಿಗೆ ಕೂಡುವುದಿಲ್ಲ ಎಂದು ಅಂಗಡಿಯವನು ಹೇಳಿದನಂತೆ. ಇವನು ಕೇಳಬೇಕಲ್ಲ! ‘ನಡುವ ಒಂದು ರಿಂಗ್ ಹಾಕಿದ್ರ ಮುಗೀತು’ ಎಂದು ಎರಡನ್ನೂ ಎತ್ತಿಕೊಂಡು ಆಳಂದದ ಲೇಥ್ ಮಷಿನ್ ದೊಡ್ಡಪ್ಪನ ಹತ್ತಿರ ಹೋದ. ನಾನೂ ಜೊತೆಗಿದ್ದೆ, ನನಗೆ ದರ್ಗಾದ ಕಡೆ ಬೇರೆ ಕೆಲಸವಿತ್ತು.

ದೊಡ್ಡಪ್ಪನ ಕೈಗುಣ ಸುತ್ತ ಹತ್ತೂರಿಗೆ ಗೊತ್ತು. ಆದರೆ ಅವನ ಇಡೀ ಜನ್ಮ ಹೋದದ್ದು ಬಾವಿಯ ಪಂಪ್‌ಸೆಟ್ಟುಗಳಿಗೆ ಬುಶ್ ಎಂಬ ಹಿತ್ತಾಳೆ ಬಳೆ ಕೊರೆಯುವುದರಲ್ಲಿ. ಕ್ಯಾಮೆರಾವನ್ನು ಅವನು ಹತ್ತಿರದಿಂದ ನೋಡಿದ್ದೇ ಅಂದು. ಅಳತೆ ಹಿಡಿದ, ಹಿತ್ತಾಳೆ ಕೊರೆದ, ನಾಲ್ಕು ಬೆರಳಗಲದ ಕೊಳವೆಯಂಥ ರಿಂಗ್ ಮಾಡಿದ. ಹಲ್ಲು ಎಷ್ಟು ಚಂದ ಕೂತವೆಂದರೆ ತಿರುಗಿಸಿದರೆ ಸದ್ದೇ ಇಲ್ಲ. ಸಲಾವುದ್ದೀನ ಕ್ಯಾಮೆರಾ ಕಣ್ಣಿಗೆ ಹಿಡಿದು ದೊಡ್ಡಪ್ಪನ ಮೋರೆ ನೋಡಿದ. ‘ಮಾಷಾ ಅಲ್ಲಾಹ್! ಗಡ್ಡದಾಗಿನ ಲೋಹದ ಚೂರು ಸೈತ ಕಾಣಾಕತ್ತಾವ!’ ಆಮೇಲೆ ಹೊರಗೆ ರಸ್ತೆಯ ಕಡೆ ತಿರುಗಿಸಿದ. ಲೆನ್ಸಿನ ಮುಂದಿನ ಉಂಗುರವನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ರಸ್ತೆ ಇಲ್ಲ, ಲಾರಿ ಇಲ್ಲ, ಬೇವಿನ ಮರ ಇಲ್ಲ. ಎಲ್ಲ ಬರೀ ಹೊಗೆ.

‘ದೂರಿಂದು ಕಾಣವಲ್ದಲ್ಲ ದೊಡ್ಡಪ್ಪ?’

‘ಹೆಂಗ ಕಾಣಬೇಕ್ರಿ? ನಾ ಜರಾ ಹೆಚ್ಚಿಗಿ ಇಟ್ಟೇನಿ,’ ಎಂದ ದೊಡ್ಡಪ್ಪ ಕೈ ಒರೆಸಿಕೊಳ್ಳುತ್ತ. ‘ಬುಶ್ ಅಂದಮ್ಯಾಲ ಸವೀಲಾಕ ಅಂತ ಬಿಡಬೇಕ್ರಿ. ಇವತ್ತ ಬರೋಬ್ಬರಿ ಮಾಡಿಕೊಟ್ರ ನಾಳಿ ಸವದು ಲೊಡಲೊಡ ಅಂತದ. ಬಳಸ್ರಿ, ಬಳಸ್ತ ಬಳಸ್ತ ಕೂಡತದ.’

ಪಂಪ್‌ಸೆಟ್ಟಿನ ಬುಶ್ ಹಗಲೂ ರಾತ್ರಿ ತಿರುಗುತ್ತದೆ, ಸವೆಯುತ್ತದೆ. ಕ್ಯಾಮೆರಾದ ರಿಂಗ್ ಎಲ್ಲಿ ತಿರುಗಬೇಕು, ಎಂದು ಸವೆಯಬೇಕು? ಲೆನ್ಸು ಫಿಲ್ಮಿನಿಂದ ಎಷ್ಟು ದೂರವಿರಬೇಕೋ ಅದಕ್ಕಿಂತ ಎರಡು ರೂಪಾಯಿ ಬಿಲ್ಲೆಯ ದಪ್ಪದಷ್ಟು ಅದು ಮುಂದೆ ಕೂತಿತ್ತು, ಅಷ್ಟೆ. ಅಷ್ಟಕ್ಕೇ ಅದಕ್ಕೆ ಒಂದು ಮಾರಿನಾಚೆ ಲೋಕವೇ ಇರಲಿಲ್ಲ. ಆಗಲೇ ‘ಜರಾ ತಿಕ್ಕಿಕೊಡು’ ಎಂದಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಸಲಾವುದ್ದೀನ ‘ಹೌದು, ಹೌದು, ಸವೀತದ’ ಎಂದು ತಲೆ ಆಡಿಸಿ ಬಸ್ ಹತ್ತಿದ. ಅವನಿಗೂ ಆ ಮಾತು ಪೂರಾ ಸರಿ ಅನ್ನಿಸಿತ್ತು ನೋಡಿ! ಮುಂದೆ ಎಂಟು ವರ್ಷ ಆ ಹಿತ್ತಾಳೆ ಸವೆಯಲೆಂದು ಕಾದ.

ಕಾಯುವ ಹೊತ್ತಿಗೆ ಆದದ್ದೇ ಬೇರೆ. ಹತ್ತಿರದ ಮುಖಗಳನ್ನು ಆ ಲೆನ್ಸು ಎಷ್ಟು ಚಂದ ಹಿಡಿಯುತ್ತಿತ್ತೆಂದರೆ, ಹೊಟ್ಟೆಕಿಚ್ಚಿನವನಾದ ನಾನೂ ಒಪ್ಪಬೇಕು. ಮೂಗುತಿಯ ಹರಳು, ಹಣೆಯ ಮೇಲಿನ ವಿಭೂತಿಯ ಗೆರೆ ಮುಟ್ಟಿದರೆ ಕೈಗೆ ಹತ್ತುವ ಹಾಗೆ ಬರುತ್ತಿದ್ದವು. ಹಿಂದಿನ ಹರಿದ ಪರದೆ, ಸೋರಿದ ಗೋಡೆ, ಒಣಹಾಕಿದ ಲಂಗ, ಎಲ್ಲ ಕರಗಿ ಹೋಗುತ್ತಿತ್ತು. ಕನ್ಯೆ ತೋರಿಸುವ ಫೋಟೊಕ್ಕೆ ಜೇವರ್ಗಿಯಿಂದ ಸೈತ ಜನ ಬಂದರು. ಸಲಾವುದ್ದೀನನ ಮೀಸೆ ಮೇಲಕ್ಕೆ ತಿರುಗಿತು. ‘ನನ್ನ ಕಣ್ಣಿಗಿ ಕಾಣಲಾರದ್ದು ಯಾವುದೂ ಇಲ್ಲ’ ಎಂದು ಚಹಾದಂಗಡಿಯಲ್ಲಿ ಕೂತು ಹೇಳುತ್ತಿದ್ದ. ದೂರದ ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ಅವನ ಹೆಂಡತಿ ಕರೀಮುನ್ನಿಸಾಳಿಗೆ.

ಆಕೆ ಬಿಡುವ ಹೆಂಗಸಲ್ಲ. ನನ್ನ ಅಂಗಡಿಗೆ ಬಂದಾಗಲೆಲ್ಲ ಅದೇ ರಾಗ. ‘ಮಲ್ಲಣ್ಣ, ನೀವರ ಜರಾ ಹೇಳ್ರಿ. ಆಳಂದಕ ಹೋಗಿ ತಿಕ್ಕಿಸಿಕೊಂಡು ಬರ್ರಿ ಅಂದ್ರ, ಸವೀತದ ಸವೀತದ ಅಂತಾರ. ಹೇಳಿ ಹೇಳಿ ನನ್ನ ನಾಲಿಗಿ ಸವದದ, ಅದೊಂದು ಸವೀವಲ್ದು!’

ಅವಳ ಸಿಟ್ಟಿಗೆ ಕಾರಣವಿತ್ತು. ಮದುವೆ, ಮುಂಜಿ, ಸಭೆಯ ದೊಡ್ಡ ಗುಂಪಿನ ಫೋಟೊ ಯಾವುದಕ್ಕೂ ಸಲಾವುದ್ದೀನ ಒಪ್ಪುತ್ತಿರಲಿಲ್ಲ. ‘ಗುಂಪು ತೆಗಿಯೂದು ಕಲಾ ಅಲ್ಲ, ಕುರಿ ಎಣಸೂ ಕೆಲಸ’ ಎಂದು ಮೂಗು ಮುರಿಯುತ್ತಿದ್ದ. ಅಷ್ಟರಲ್ಲಿ ಖುರ್ಷಿದ ಎಂಬ ಚಿಗುರು ಮೀಸೆಯವನು ತಹಸೀಲ ಕಚೇರಿಯ ಪಕ್ಕ ಹೊಸ ಸ್ಟುಡಿಯೊ ತೆರೆದ. ಅವನ ಕ್ಯಾಮೆರಾ ತಾನೇ ಝರ್ ಎಂದು ಫೋಕಸ್ ಮಾಡಿಕೊಳ್ಳುತ್ತಿತ್ತು, ತೆಗೆಯುವವನು ಬೇರೆ ಕಡೆ ನೋಡಿದರೂ ಅಡ್ಡಿಯಿಲ್ಲ. ಗುಂಪುಗಳೆಲ್ಲ ಖುರ್ಷಿದನ ಪಾಲಾದವು. ಸಲಾವುದ್ದೀನನಿಗೆ ಉಳಿದದ್ದು ಮುಖಗಳು ಮತ್ತು ಇಜ್ಜತ್ತು.

ಮಣ್ಣೂರಿನ ದೌಲತರಾಯ ಗೌಡರ ಮನೆಯ ಬಟ್ಟೆಯೆಲ್ಲ ನನ್ನ ಹತ್ತಿರವೇ. ಗೌಡರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ದೇವೀಂದ್ರಪ್ಪ, ಸಣ್ಣವನು ಹುಲೆಪ್ಪ. ಹೊಲ ಹಂಚಿಕೊಳ್ಳುವಾಗ ಬದುವಿನ ಮೇಲಿನ ಒಂದು ಬಾವಿಗಾಗಿ ಅಣ್ಣತಮ್ಮಂದಿರು ಬಡಿದಾಡಿ, ಹುಲೆಪ್ಪ ಖಜೂರಿ ಎಂಬ ಊರಿಗೆ ಹೋಗಿ ಲಾರಿ ಹೊಡೆಯತೊಡಗಿದ. ಗೌಡರು ಮಗನನ್ನು ಹೋಗು ಎನ್ನಲಿಲ್ಲ, ಬಾ ಎನ್ನುವಷ್ಟು ಬಾಗಲೂ ಇಲ್ಲ. ಅವರ ಹೆಂಡತಿ ಗುರುಬಾಯವ್ವನದು ಒಂದೇ ಆಸೆ, ಗಂಡ ಮತ್ತು ಇಬ್ಬರು ಮಕ್ಕಳು ಕೂಡಿದ ಒಂದು ಫೋಟೊ ಪಡಸಾಲೆಯಲ್ಲಿರಬೇಕು. ಗೌಡರಿಗೆ ಮೈಯಲ್ಲಿ ಆರಾಮಿಲ್ಲದಾಗ ಆಕೆ ಸಲಾವುದ್ದೀನನನ್ನು ಕರೆಸಿದ್ದಳು. ಗೌಡರು ಗೋಡೆಯ ಕಡೆ ಮಗ್ಗುಲಾಗಿ, ‘ಹುಲ್ಯಾ ಬರ್ಲಿ. ಬಂದ ಮ್ಯಾಲ ಎಲ್ಲಾರೂ ಕೂಡೇ ತಗಸೂನು’ ಎಂದುಬಿಟ್ಟರು. ಹುಲ್ಯಾನಿಗೆ ಹೇಳಿ ಕಳಿಸುವವರು ಯಾರು? ಅದನ್ನು ಮಾತ್ರ ಹೇಳಲಿಲ್ಲ.

ತೊಗರಿ ಕಟಾವಿನ ಹೊತ್ತಿಗೆ ಗೌಡರು ಹೋದರು.

ನಮ್ಮ ಕಡೆ ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹೂವಿನ ಮಂಟಪದಲ್ಲಿ ಕೂಡಿಸುತ್ತಾರೆ. ಕೂಡಿಸಿದ ಮೇಲೆ ಮನೆಮಂದಿಯೆಲ್ಲ ಹಿಂದೆ ನಿಂತು ಒಂದು ಫೋಟೊ ಆಗಲೇಬೇಕು. ಆ ಫೋಟೊ ಪಡಸಾಲೆಯಲ್ಲಿ ಮೂರು ತಲೆಮಾರು ತೂಗುತ್ತದೆ. ಅದರಲ್ಲಿಲ್ಲದ ಮಗನನ್ನು ‘ಅಪ್ಪನ ಮಣ್ಣಿಗೆ ಬರಲಾರದವ’ ಎಂದು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಅಂಥವನಿಗೆ ಆ ಮನೆಯ ಹೊಸ್ತಿಲು ಮುಗಿದ ಹಾಗೆಯೇ.

ಅಂದು ಖುರ್ಷಿದ ಗುಲ್ಬರ್ಗಾಕ್ಕೆ ಹೋಗಿದ್ದ. ಹೀಗಾಗಿ ಕರೆ ಬಂದದ್ದು ಸಲಾವುದ್ದೀನನಿಗೆ. ಒಲ್ಲೆ ಎನ್ನುವಂತಿಲ್ಲ, ಸಾವಿನ ಮನೆ. ಅವನ ಲೂನಾದ ಹಿಂದೆ ನಾನೂ ಕೂತೆ. ಮಷಿನ್ ಮುಂದಿನಿಂದ ಎದ್ದವನು ಹಾಗೇ ಬಂದಿದ್ದೆ, ಕೊರಳಲ್ಲಿ ಅಳತೆಯ ಟೇಪು ತೂಗುತ್ತಿತ್ತು. ಅದು ಗಮನಕ್ಕೆ ಬಂದದ್ದು ಮಣ್ಣೂರಿಗೆ ಹೋದ ಮೇಲೆ.

ಗೌಡರನ್ನು ಅಂಗಳದಲ್ಲಿ ಕೂಡಿಸಿದ್ದರು. ಹಿಂದೆ ವಾಡೆಯ ಮೆಟ್ಟಿಲುಗಳ ಮೇಲೆ ಬೀಗರು, ಬಿಜ್ಜರು, ಸೊಸೆಯಂದಿರು, ಆಳುಕಾಳು. ಖಜೂರಿಗೆ ಮನುಷ್ಯ ಹೋಗಿದ್ದ, ಹುಲೆಪ್ಪನ ಲಾರಿ ನಾಗಪುರದ ಕಡೆ ಹೋಗಿದೆ ಎಂಬ ಸುದ್ದಿ ತಂದಿದ್ದ. ಹೊತ್ತು ಇಳಿಯುತ್ತಿತ್ತು. ಗುರುಬಾಯವ್ವ ದೊಡ್ಡ ಮಗನ ಪಕ್ಕ ಮೆಟ್ಟಿಲ ಮೇಲೆ ಕೈಚಾಚಿ ಒಂದು ಜಾಗ ಹಿಡಿದಿದ್ದಳು.

‘ಇದು ಹುಲೆಪ್ಪಂದು. ಇಲ್ಲಿ ಯಾರೂ ನಿಂದರಬ್ಯಾಡ್ರಿ.’

ದೇವೀಂದ್ರಪ್ಪನಿಗೆ ಉರಿದುಹೋಯಿತು. ‘ಬರಲಾರದವಗ ಎಲ್ಲೀ ಜಾಗ ಬೇ ಯವ್ವ? ಸಲಾವುದ್ದೀನ ಭಾಯಿ, ಬರೋಬ್ಬರಿ ತೆಗೀರಿ. ಯಾರು ಬಂದಾರ, ಯಾರು ಬಂದಿಲ್ಲ, ನಾಳಿ ಹತ್ತು ಮಂದಿಗಿ ಕಾಣಬೇಕು!’ ಎಂದವನೇ ಕೆಳಗೆ ನಿಂತಿದ್ದ ನನ್ನ ರಟ್ಟೆ ಹಿಡಿದು ಮೇಲಕ್ಕೆ ಜಗ್ಗಿದ. ‘ಮಲ್ಲಣ್ಣ, ನೀವ ನಿಂದರ್ರಿ ಇಲ್ಲಿ.’

ಹತ್ತು ಮಂದಿಯ ಮುಂದೆ ಗೌಡರ ಮಗ ಜಗ್ಗಿದರೆ ಬೇಡ ಎನ್ನಲಾದೀತೆ? ನಿಂತೆ. ಗುರುಬಾಯವ್ವ ನನ್ನನ್ನು ಒಮ್ಮೆ ನೋಡಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. ನನಗೆ ನಿಂತ ಜಾಗ ಸುಡುತ್ತಿತ್ತು.

ಎದುರಿಗೆ ಸಲಾವುದ್ದೀನ ಬೆವರುತ್ತಿದ್ದ. ಎಲ್ಲರೂ ಹಿಡಿಸಲೆಂದು ಹಿಂದೆ ಸರಿದರೆ ಗೌಡರ ಮುಖವೂ ಹೊಗೆಯಾಗುತ್ತದೆ, ಆ ಮುಖ ಇನ್ನು ನಾಳೆಗೆ ಸಿಗುವುದಿಲ್ಲ. ಹಿಂದೆ ಹೋದ, ಮುಂದೆ ಬಂದ. ಕೊನೆಗೆ ಗೌಡರಿಂದ ಒಂದು ಮಾರು ದೂರದಲ್ಲಿ ಮಂಡಿಯೂರಿ, ಉಂಗುರ ತಿರುಗಿಸಿ, ಬಿಸ್ಮಿಲ್ಲಾ ಎಂದು ಒತ್ತಿದ. ನನಗೆ ಆಗಲೇ ತಿಳಿಯಿತು, ನಾವು ಮೆಟ್ಟಿಲ ಮೇಲಿದ್ದವರೆಲ್ಲ ಹೊಗೆ.

ಹುಲೆಪ್ಪ ಬಂದದ್ದು ಮಣ್ಣು ಮುಗಿದ ಮರುದಿನ. ಗದ್ದುಗೆಯ ಹತ್ತಿರ ಕೂತು ಹೆಣ್ಣುಮಕ್ಕಳ ಹಾಗೆ ಅತ್ತನಂತೆ. ಮನೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಹುಲೆಪ್ಪ ಒಳಗೆ ಹೋಗದೆ ಲಾರಿ ಹತ್ತಿ ಹೋದ.

ವಾರದೊಳಗೆ ನಾವು ಫೋಟೊ ಕೊಡಲು ಹೋದೆವು. ಪಡಸಾಲೆಯಲ್ಲಿ ಊರ ಹಿರಿಯರು ಕೂತಿದ್ದರು. ದೇವೀಂದ್ರಪ್ಪನೇ ಅವರನ್ನು ಕರೆಸಿದ್ದ, ತಮ್ಮ ಬರಲಿಲ್ಲ ಎಂಬುದನ್ನು ಎಲ್ಲರೆದುರು ತೋರಿಸಿ ಒಂದು ಮಾತು ಮುಗಿಸಿಬಿಡಬೇಕು ಎಂದು. ಸಲಾವುದ್ದೀನ ಲಕೋಟೆ ಕೊಟ್ಟ. ಅಬ್ಬಾ, ಗೌಡರು ಏನು ಬಂದಿದ್ದರು! ರುಮಾಲಿನ ಎಳೆ ಎಳೆ, ರೆಪ್ಪೆಯ ಕೂದಲು, ಕೊರಳಿನ ರುದ್ರಾಕ್ಷಿಯ ಮುಳ್ಳು. ಇನ್ನೇನು ಕೆಮ್ಮಿ ಮಾತಾಡಿಯಾರು ಅನ್ನಿಸುವಂತಿತ್ತು. ಹಿಂದೆ ಇಡೀ ವಂಶ ಮಜ್ಜಿಗೆಯಲ್ಲಿ ಕದಡಿದ ಹಾಗೆ. ಸತ್ತವರೊಬ್ಬರೇ ನಿಚ್ಚಳ, ಬದುಕಿದ್ದವರೆಲ್ಲ ಹೋಗಿಬಿಟ್ಟಿದ್ದರು.

‘ಇದರಾಗ ನಾ ಎಲ್ಲಿದ್ದೇನಿ?’ ದೇವೀಂದ್ರಪ್ಪ ಕೂಗಿದ. ‘ಇದೇನು ಫೋಟೊ ಏನು ಧೂಳ ಏನ್ರಿ?’

ಗುರುಬಾಯವ್ವ ಒಳಗಿನಿಂದ ಬಂದು ಫೋಟೊ ಕೈಗೆ ತೆಗೆದುಕೊಂಡಳು. ಆಕೆಯ ಕಣ್ಣು ಮಂಜಾಗಿರಲಿಲ್ಲ, ಆ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸುತ್ತಿದ್ದಳು, ನಾನೇ ಕಂಡಿದ್ದೇನೆ. ಬಹಳ ಹೊತ್ತು ನೋಡಿದಳು. ಆಮೇಲೆ ದೇವೀಂದ್ರಪ್ಪನ ಪಕ್ಕದ ಬಿಳಿ ಮಬ್ಬಿನ ಮೇಲೆ ಬೆರಳಿಟ್ಟಳು.

‘ಇಂವ ನನ್ನ ಹುಲೆಪ್ಪ.’

ಅದು ನಾನು. ನನ್ನ ಬಿಳಿ ಅಂಗಿ, ನನ್ನ ಟೊಪ್ಪಿಗೆ. ಕೊರಳಿನಿಂದ ಎರಡೂ ಕಡೆ ಇಳಿಬಿದ್ದ ಬಿಳಿ ಗೆರೆ ಇತ್ತಲ್ಲ, ಅದು ನನ್ನ ಟೇಪು.

‘ಯವ್ವ, ಏನ್ ಮಾತಾಡ್ತಿ? ಅಲ್ಲಿ ನಿಂತಾಂವ ಈ ಮಲ್ಲಣ್ಣ, ನಾನ ನಿಂದರಿಸೀನಿ!’ ದೇವೀಂದ್ರಪ್ಪ ಹಿರಿಯರ ಕಡೆ ತಿರುಗಿದ, ಆಮೇಲೆ ಸಲಾವುದ್ದೀನನ ಕಡೆ. ‘ತಗದಾವ್ರು ನೀವು. ನಿಮ್ಮ ಕಣ್ಣಿಗಿ ಕಾಣಲಾರದ್ದು ಯಾವುದೂ ಇಲ್ಲಂತೀರಲ್ಲ, ಹೇಳ್ರಿ ನೀವ. ಯಾರು ನಿಂತಿದ್ರು?’

ಎಲ್ಲರೂ ಸಲಾವುದ್ದೀನನನ್ನು ನೋಡಿದರು. ಗುರುಬಾಯವ್ವನೂ ನೋಡಿದಳು, ಫೋಟೊದ ಮೇಲಿನ ಬೆರಳು ತೆಗೆಯದೆ. ನನ್ನ ಗೆಳೆಯನನ್ನು ನಾನು ಬಲ್ಲೆ. ಅವನಿಗೆ ಜೀವಕ್ಕಿಂತ ದೊಡ್ಡದು ಆ ಲೆನ್ಸಿನ ಹೆಸರು. ಅದು ಮಲ್ಲಣ್ಣನೇ ಎಂದು ಈಗ ಹೇಳಿಬಿಡುತ್ತಾನೆ ಎಂದುಕೊಂಡೆ.

‘ಗೌಡ್ರ, ಖರೇ ಹೇಳ್ತೇನಿ. ನನ್ನ ಲೆನ್ಸಿಗಿ ಒಂದು ಮಾರಿನಾಚಿ ಏನೂ ಕಾಣಂಗಿಲ್ರಿ. ಮೊದಲಿಂದಲೂ ಕಾಣಂಗಿಲ್ಲ. ರಿಂಗಿನ ಐಬು. ಎಂಟು ವರ್ಷ ಮಂದಿಗಿ ಸುಳ್ಳ ಹೇಳಕೋತ ಬಂದೇನಿ. ಅಲ್ಲಿ ಯಾರ ನಿಂತಿದ್ರು, ಹೆಂಗ ಹೇಳ್ಲಿ? ತಾಯಿ ಗುರುತು ಹಿಡದಾಳಂದ್ರ, ಅದ ಖರೇ ಇರಬೇಕ್ರಿ.’

ಕ್ಯಾಮೆರಾದಲ್ಲಿ ಕಾಣದಿದ್ದರೂ ಅವನ ಸ್ವಂತ ಕಣ್ಣಿಗೆ ಅಂದು ನಾನು ಚೆನ್ನಾಗಿಯೇ ಕಂಡಿದ್ದೆನಲ್ಲ ಎಂದು ಯಾರೂ ಕೇಳಲಿಲ್ಲ. ದೇವೀಂದ್ರಪ್ಪ ನನ್ನ ಕಡೆ ತಿರುಗಿದ. ‘ನೀವರ ಹೇಳ್ರಿ ಮಲ್ಲಣ್ಣ!’

‘ಗದ್ದಲದಾಗ ಯಾರ ಎಲ್ಲಿದ್ರೋ ಯಾರಿಗಿ ನೆನಪದ್ರಿ?’ ಎಂದೆ ನಾನು.

ಹಿರಿಯರೆಲ್ಲ ಅಂದು ಅಂಗಳದಲ್ಲೇ ಇದ್ದವರು. ಒಬ್ಬರು ಕೆಮ್ಮಿದರು, ಒಬ್ಬರು ಎಲೆಗೆ ಸುಣ್ಣ ಹಚ್ಚಿದರು. ಕೊನೆಗೆ ಎಲ್ಲರಿಗಿಂತ ಹಿರಿಯರಾದವರು ಹೇಳಿದರು, ‘ದೇವೀಂದ್ರಪ್ಪ, ಹುಲ್ಯಾ ಇದರಾಗ ಇಲ್ಲಂತಿ. ಬರೋಬ್ಬರಿ. ಹಂಗಾರ ನೀ ಇದ್ದಿ ಅಂತ ತೋರಸು ನೋಡೂನು.’ ದೇವೀಂದ್ರಪ್ಪ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದು ತನ್ನನ್ನು ತಾನು ಹುಡುಕಿದ. ಎಲ್ಲಿ ಸಿಗಬೇಕು? ಕೊನೆಗೆ ಫೋಟೊ ಕೆಳಗಿಟ್ಟ.

ಸಲಾವುದ್ದೀನ ತನ್ನ ಬಾಯಿಂದಲೇ ಐಬು ಒಪ್ಪಿಕೊಂಡ ಸುದ್ದಿ ನಮ್ಮ ಲೂನಾಕ್ಕಿಂತ ಮೊದಲೇ ಅಫಜಲಪುರಕ್ಕೆ ಬಂದಿತ್ತು. ಖುರ್ಷಿದ ಚಹಾದಂಗಡಿಯಲ್ಲಿ ನಕ್ಕು ನಕ್ಕು ಎಲ್ಲರಿಗೂ ಹೇಳಿದ. ಕನ್ಯೆಯರ ಫೋಟೊಕ್ಕೆ ಬರುವವರೂ ಕೆಲವು ದಿನ ಬರಲಿಲ್ಲ. ಸಲಾವುದ್ದೀನ ಕೊನೆಗೂ ರಿಂಗ್ ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು ಆಳಂದದ ಬಸ್ಸಿಗೆ ಹೊರಟ. ತಡೆದವಳು ಯಾರು ಗೊತ್ತೇ? ಕರೀಮುನ್ನಿಸಾ! ‘ಇರ್ಲಿ ಬಿಡ್ರಿ’ ಎಂದಳು. ಎಂಟು ವರ್ಷ ಜಗಳಾಡಿದ ಹೆಂಗಸು ಅಷ್ಟೇ ಅಂದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಈ ದಂಪತಿಗಳು ನನಗೆ ಇಂದಿಗೂ ಅರ್ಥವಾಗಿಲ್ಲ.

ಗುರುಬಾಯವ್ವ ಆ ಫೋಟೊವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದಳು. ಅದನ್ನು ತೂಗುಹಾಕುವ ದಿನ ಖಜೂರಿಗೆ ಹೇಳಿ ಕಳಿಸಿದಳು, ‘ಫೋಟೊದಾಗ ನೀನೂ ಅದಿ, ನೋಡಾಕ ಬಾ’ ಎಂದು. ನಾವು ಮೊಳೆ ಹೊಡೆದು ಕೆಳಗಿಳಿಯುವಾಗ ಅಂಗಳದಲ್ಲಿ ಹುಲೆಪ್ಪ ನಿಂತಿದ್ದ. ಬಾಗಿಲು ತುಂಬುವ ಆಳು, ಕುರಿಗಿಂತ ಮೆತ್ತಗೆ ನಿಂತಿದ್ದ. ದೇವೀಂದ್ರಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ, ಬಾಗಿಲಲ್ಲಿ ನಿಲ್ಲಲಿಲ್ಲ. ತಾಯಿ ಮಗನ ಕೈ ಹಿಡಿದು ಫೋಟೊದ ಮುಂದೆ ತಂದಳು.

‘ನೋಡು. ಅಣ್ಣನ ಬಾಜೂಕ ನಿಂತೀದಿ.’

ಹುಲೆಪ್ಪ ಆ ಮಬ್ಬನ್ನು ನೋಡಿದ. ಬಿಳಿ ಅಂಗಿ ನೋಡಿದ, ಕೊರಳಿನ ಎರಡು ಗೆರೆ ನೋಡಿದ. ಮೆಲ್ಲಗೆ ತಿರುಗಿ ಪಡಸಾಲೆಯಲ್ಲಿದ್ದವರ ಮೇಲೆ ಕಣ್ಣಾಡಿಸಿ ನನ್ನ ಹತ್ತಿರ ಬಂದು ನಿಂತ. ನನ್ನ ಕೊರಳಲ್ಲಿ ಟೇಪು ಇತ್ತು. ಎಂದೂ ಇರುತ್ತದಲ್ಲ, ಸುಡುಗಾಡು! ನಾನು ಅದನ್ನು ಎಳೆದು ಕಿಸೆಯೊಳಗೆ ತುರುಕಿಕೊಂಡೆ.

ಅವನು ಮತ್ತೆ ಫೋಟೊದ ಕಡೆ ತಿರುಗಿದ. ‘ಹೌದವ್ವ,’ ಎಂದ. ‘ನಾನ ಹೌದು.’

‘ತಮ್ಮಗ ಕಾಲಿಗಿ ನೀರ ಕೊಡ್ರಿ,’ ಎಂದು ದೇವೀಂದ್ರಪ್ಪ ಒಳಗಿನವರಿಗೆ ಕೂಗಿದ.

ನಾವು ಹೊರಡುವಾಗ ಹುಲೆಪ್ಪ ಅಂಗಳದವರೆಗೆ ಬಂದ. ಸಲಾವುದ್ದೀನ ಲೂನಾ ತುಳಿಯುತ್ತಿದ್ದ. ಹುಲೆಪ್ಪ ಇನ್ನೂ ಖಾಕಿ ಅಂಗಿಯಲ್ಲೇ ಇದ್ದ, ಮೈಯೆಲ್ಲ ಡೀಸೆಲ್ ವಾಸನೆ. ನನ್ನ ಪಕ್ಕಕ್ಕೆ ಬಂದು ಕೇಳಿದ.

‘ಮಲ್ಲಣ್ಣ, ನಂಗೊಂದು ಬಿಳೇ ಅಂಗಿ ಹೊಲೀರಿ. ಫೋಟೊದಾಗ ಕಾಣತದಲ್ಲ, ಅಂಥಾದ್ದ. ಆ ಅಂಗಿ ಎಲ್ಲದ ಅಂತ ಅವ್ವ ಯಾವಾಗರ ಕೇಳಿದ್ರ?’

ಕಿಸೆಯಿಂದ ಟೇಪು ತೆಗೆದೆ. ಗೌಡರನ್ನು ಕೂಡಿಸಿದ್ದ ಜಾಗದಲ್ಲೇ ಅವನನ್ನು ನಿಲ್ಲಿಸಿ ಭುಜಕ್ಕೆ ಟೇಪು ಹಿಡಿದೆ. ಅಷ್ಟು ದೊಡ್ಡ ಭುಜ ನನ್ನ ಕೈ ಕೆಳಗೆ ನಡುಗುತ್ತಿತ್ತು. ನನಗೂ ತಡೆಯಲಾಗಲಿಲ್ಲ, ಕಣ್ಣು ತುಂಬಿ ಟೇಪಿನ ಮೇಲಿನ ಅಂಕಿಗಳು ಕಾಣದಾದವು. ಅಂದಾಜಿನ ಮೇಲೆ ಒಂದಿಂಚು ಹೆಚ್ಚಿಗೆ ಹಿಡಿದುಕೊಂಡೆ.